ಒಂದು ಪೀಠ, ಇಬ್ಬರು ಆರ್ಚ್‌ಬಿಷಪ್: ಮೈಂಟ್ಸ್‌ನಲ್ಲಿ ಎಲೆಕ್ಷನ್ ಗೆದ್ದೋನು ಯಾಕೆ ಬಿದ್ದ?

ಪ್ರಶ್ನೆ: ಸರ್, ಅಚ್ಚುಯಂತ್ರ ಮಾಡಿದ ಗುಟೆನ್‌ಬರ್ಗ್ ಬಗ್ಗೆ ಓದ್ತಾ ಇದ್ದೆ. 1462ರಲ್ಲಿ ಇಬ್ಬರು ಬಿಷಪ್‌ಗಳ ಜಗಳದಲ್ಲಿ ಜರ್ಮನಿಯ ಮೈಂಟ್ಸ್ ಊರು ಲೂಟಿ ಆಯ್ತು, ಪ್ರಿಂಟರ್‌ಗಳೆಲ್ಲ ಚದುರಿ ಹೋದ್ರು ಅಂತ ಒಂದೇ ಒಂದು ಲೈನ್ ಇತ್ತು, ಮುಂದೆ ಏನೂ ಇಲ್ಲ. ಆರ್ಚ್‌ಬಿಷಪ್‌ಗಳ ಪಟ್ಟಿ ತೆಗೆದು ನೋಡಿದ್ರೆ ಡೀಟರ್ ಅನ್ನೋ ಹೆಸರು ಎರಡು ಸಲ ಇದೆ, ನಡುವೆ ಆಡಾಲ್ಫ್ ಅಂತ ಇನ್ನೊಬ್ಬ. ಇದು ಪ್ರಿಂಟ್ ಮಿಸ್ಟೇಕಾ? ಎಲೆಕ್ಷನ್ ನಿಜವಾಗಿ ಗೆದ್ದಿದ್ದು ಯಾರು? ಈ ಜಗಳದಿಂದಲೇ ಅಚ್ಚಿನ ವಿದ್ಯೆ ಯುರೋಪೆಲ್ಲ ಹರಡಿತು ಅನ್ನೋದು ನಿಜವಾ?

ಉತ್ತರ: ಪ್ರಿಂಟ್ ಮಿಸ್ಟೇಕ್ ಅಲ್ಲ. ಒಬ್ಬನೇ ಡೀಟರ್, ಎರಡು ಸಲ ಆರ್ಚ್‌ಬಿಷಪ್ ಆದ, 1459ರಿಂದ 1461ರವರೆಗೆ ಒಂದು ಸಲ, ಮತ್ತೆ 1475ರಿಂದ ಸಾಯೋವರೆಗೆ, ಅಂದ್ರೆ 1482ರವರೆಗೆ. ನಡುವೆ ಇರೋ ಆಡಾಲ್ಫ್ ಮೊದಲನೇ ಎಲೆಕ್ಷನ್‌ನಲ್ಲಿ ಇದೇ ಡೀಟರ್ ಎದುರು ಸೋತವನು. ಸೋತವನು ಎರಡೇ ವರ್ಷಕ್ಕೆ ಪೀಠದ ಮೇಲೆ, ಗೆದ್ದವನು ಬೀದಿಯಲ್ಲಿ. ಇದು ಹೇಗಾಯ್ತು ಅಂತ ಹೇಳ್ಬೇಕಂದ್ರೆ ಸ್ವಲ್ಪ ಉದ್ದ ಆಗುತ್ತೆ, ಕೂತ್ಕೊಂಡು ಓದಿ.

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸ್ಬೇಕು. ಆರ್ಚ್‌ಬಿಷಪ್ ಅಂದ ತಕ್ಷಣ ನಮ್ಮ ಕಣ್ಣಿಗೆ ಬರೋದು ಬಿಳಿ ನಿಲುವಂಗಿ ಹಾಕ್ಕೊಂಡು ಪ್ರಾರ್ಥನೆ ಮಾಡಿಸೋ ಹಿರಿಯ ಪಾದ್ರಿ. ಆಗಿನ ಮೈಂಟ್ಸ್ ಆರ್ಚ್‌ಬಿಷಪ್ ಅದೂ ಹೌದು, ಆದ್ರೆ ಅದಕ್ಕಿಂತ ಜಾಸ್ತಿ ಒಬ್ಬ ರಾಜ. ರೈನ್ ಮತ್ತು ಮೈನ್ ನದಿ ದಂಡೆಗಳಲ್ಲಿ, ದೂರದ ಎರ್‌ಫುರ್ಟ್ ಕಡೆ ಎಲ್ಲ ಅವನಿಗೆ ಜಮೀನು, ಕೋಟೆ, ಸುಂಕದ ಕಟ್ಟೆ, ಸೈನ್ಯ. ಅದರ ಮೇಲೆ, ಜರ್ಮನಿಗೆ ರಾಜನನ್ನ ಆರಿಸೋ ಏಳು ಜನ ಇದ್ದಾರಲ್ಲ, 1356ರ ಗೋಲ್ಡನ್ ಬುಲ್ ಅನ್ನೋ ಶಾಸನದಲ್ಲಿ ಹೆಸರಿಸಿದ ಆ ಏಳು ಮತದಾರ ದೊರೆಗಳು, ಅವರಲ್ಲಿ ಇವನು ಮೊದಲನೆಯವನು. ಎಲೆಕ್ಷನ್ ಸಭೆ ಕರೆಯೋನು ಇವನೇ, ಕೊನೇ ಓಟು ಹಾಕೋನೂ ಇವನೇ, ಆರು ಓಟು ಮೂರು ಮೂರು ಹಂಚಿ ಹೋದ್ರೆ ಏಳನೇದು ಯಾರ ಕೈಲಿ ಅಂತ ನೀವೇ ಲೆಕ್ಕ ಹಾಕಿ. ಸಾಮ್ರಾಜ್ಯದ ಚಾನ್ಸೆಲರ್ ಅನ್ನೋ ಪದವಿ ಬೇರೆ. ಇಂಥ ಕುರ್ಚಿ ಖಾಲಿ ಆಯ್ತು ಅಂದ್ರೆ ರೋಮ್‌ನಿಂದ ಹಿಡಿದು ವಿಯೆನ್ನಾದವರೆಗೆ ಎಲ್ಲರಿಗೂ ನಿದ್ದೆ ಇಲ್ಲ.

ಈ ಕುರ್ಚಿಗೆ ಜನ ಓಟು ಹಾಕ್ತಿರಲಿಲ್ಲ. ಕತೀಡ್ರಲ್‌ಗೆ ಸೇರಿದ ಕ್ಯಾನನ್‌ಗಳು ಅಂತ ಇರ್ತಿದ್ರು, ಅವರ ಮಂಡಳಿಗೆ ಚಾಪ್ಟರ್ ಅಂತ ಹೆಸರು, ಆರಿಸೋ ಹಕ್ಕು ಅವರದ್ದು. ಕ್ಯಾನನ್ ಆಗೋಕೆ ಭಕ್ತಿಗಿಂತ ವಂಶ ಮುಖ್ಯ, ಎಲ್ಲರೂ ದೊಡ್ಡಮನೆಯ ಕಿರಿ ಮಕ್ಕಳು. ಹಿರೀ ಮಗನಿಗೆ ಅಪ್ಪನ ಕೋಟೆ ಹೋಗುತ್ತೆ, ಕಿರಿಯವನನ್ನ ಚಿಕ್ಕಂದಿನಲ್ಲೇ ಚರ್ಚಿಗೆ ಸೇರಿಸಿ ಅಲ್ಲಿಂದ ಒಂದು ವರಮಾನದ ದಾರಿ ಮಾಡ್ತಾರೆ, ಅದೃಷ್ಟ ಇದ್ರೆ ಬಿಷಪ್ ಆಗ್ತಾನೆ. ಆದ್ರಿಂದ ಚಾಪ್ಟರ್ ಸಭೆ ಅಂದ್ರೆ ಒಂದು ರೀತಿ ಸುತ್ತಮುತ್ತಲಿನ ಪಾಳೇಗಾರರ ಮನೆತನಗಳು ಜುಬ್ಬಾ ಬದಲಾಯಿಸಿ ಕೂತ ಸಭೆ ಅಷ್ಟೇ.

1459ರ ಮೇ ತಿಂಗಳಲ್ಲಿ ಹಳೇ ಆರ್ಚ್‌ಬಿಷಪ್ ಡೀಟ್ರಿಶ್ ಫಾನ್ ಎರ್‌ಬಾಖ್ ತೀರ್ಕೊಂಡ. ಜೂನ್ 18ಕ್ಕೆ ಎಲೆಕ್ಷನ್. ಕಣದಲ್ಲಿ ಮುಖ್ಯವಾಗಿ ಇಬ್ಬರು. ಒಬ್ಬ ಡೀಟರ್ ಫಾನ್ ಈಸೆನ್‌ಬುರ್ಗ್, ಐವತ್ತರ ಹತ್ತಿರ ವಯಸ್ಸು, ಎರ್‌ಫುರ್ಟ್ ಯೂನಿವರ್ಸಿಟಿಯಲ್ಲಿ ಓದಿದವನು, ಮೂರು ವರ್ಷದ ಹಿಂದೆ ಟ್ರಿಯರ್ ಆರ್ಚ್‌ಬಿಷಪ್ ಸ್ಥಾನಕ್ಕೂ ಪ್ರಯತ್ನಪಟ್ಟು ಬಾಡೆನ್ ಮನೆತನದ ಯೋಹಾನ್ ಎದುರು ಸೋತಿದ್ದ. ಇನ್ನೊಬ್ಬ ಆಡಾಲ್ಫ್ ಫಾನ್ ನಾಸ್ಸೌ, ಸುಮಾರು ಹತ್ತು ವರ್ಷ ಚಿಕ್ಕವನು. ಇವನ ಮನೆತನದಿಂದ ಆಗಲೇ ಗೆರ್ಲಾಖ್, ಮೊದಲನೇ ಆಡಾಲ್ಫ್, ಯೋಹಾನ್ ಅಂತ ಮೂವರು ನೂರು ವರ್ಷದ ಒಳಗೆ ಅದೇ ಪೀಠದಲ್ಲಿ ಕೂತು ಹೋಗಿದ್ರು, ನಾಸ್ಸೌದವರಿಗೆ ಮೈಂಟ್ಸ್ ಅಂದ್ರೆ ಪಿತ್ರಾರ್ಜಿತ ಆಸ್ತಿ ಅನ್ನೋ ಭಾವನೆ ಬಂದಿದ್ರೆ ಆಶ್ಚರ್ಯ ಇಲ್ಲ. ಡೀಟರ್ ಗೆದ್ದ, ಆದ್ರೆ ಕೂದಲೆಳೆಯಲ್ಲಿ. ದುಡ್ಡು ಹಂಚಿ ಗೆದ್ದ ಅಂತ ಸೋತ ಕಡೆಯವರು ಆಮೇಲೆ ಗುಲ್ಲೆಬ್ಬಿಸಿದ್ರು, ಅದೇನು ಹೊಸ ವಿಷಯ ಅಲ್ಲ ಬಿಡಿ, ಆ ಕಾಲದ ಯಾವ ಬಿಷಪ್ ಎಲೆಕ್ಷನ್ ತಗೊಂಡ್ರೂ ಈ ಆರೋಪ ಬರದೇ ಇದ್ದದ್ದು ಅಪರೂಪ. ನನ್ನ ಕೇಳಿದ್ರೆ, ಡೀಟರ್ ಬಿದ್ದಿದ್ದು ಓಟಿನ ಅಕ್ರಮದಿಂದಲ್ಲ. ಅಂದಿನ ನಿಯಮದ ಪ್ರಕಾರ ಅವನು ಗೆದ್ದಿದ್ದ, ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ ಅಷ್ಟೇ. ಅವನು ಬಿದ್ದಿದ್ದು ಗೆದ್ದ ಮೇಲಿನ ಕೆಲಸದಲ್ಲಿ.

ಆ ಮೇಲಿನ ಕೆಲಸ ಏನು ಅಂದ್ರೆ, 1448ರ ವಿಯೆನ್ನಾ ಒಪ್ಪಂದದ ಪ್ರಕಾರ ಚಾಪ್ಟರ್ ಆರಿಸಬಹುದು, ಆದ್ರೆ ಪೋಪ್ ಒಪ್ಪಿಗೆ ಕೊಡೋವರೆಗೆ ಅದು ಪೂರ್ತಿ ಅಲ್ಲ. ಒಪ್ಪಿಗೆ ಜೊತೆ ಪಾಲಿಯಂ ಅಂತ ಒಂದು ಬರುತ್ತೆ, ಕುರಿ ಉಣ್ಣೆಯ ಬಿಳಿ ಪಟ್ಟಿ, ಹೆಗಲ ಮೇಲೆ ಹಾಕೋದು, ಮೇಲೆ ಕಪ್ಪು ಶಿಲುಬೆ ಗುರುತುಗಳು. ನೋಡೋಕೆ ಅಂಗೈ ಅಗಲದ ಬಟ್ಟೆ, ಆದ್ರೆ ಅದು ಇಲ್ಲದೆ ಆರ್ಚ್‌ಬಿಷಪ್ ತನ್ನ ಅಧಿಕಾರ ಪೂರ್ತಿ ಚಲಾಯಿಸೋ ಹಾಗಿಲ್ಲ. ಅದಕ್ಕೆ ಫೀಸು ಕಟ್ಟಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಅದೇ. ಮೈಂಟ್ಸ್‌ಗೆ ಹಿಂದಿನಿಂದ ಬರೆದಿಟ್ಟ ದರ 10,000 ಗುಲ್ಡನ್, ಗುಲ್ಡನ್ ಅಂದ್ರೆ ಆಗಿನ ಚಿನ್ನದ ನಾಣ್ಯ. ಡೀಟರ್‌ಗೆ ಬಂದ ಬಿಲ್ಲು 20,000ದ ಮೇಲೆ. ಇದು ಎಷ್ಟು ದೊಡ್ಡ ಮೊತ್ತ ಅನ್ನೋಕೆ ನಿಮ್ಮ ಗುಟೆನ್‌ಬರ್ಗ್ ಲೆಕ್ಕದಲ್ಲೇ ಹೇಳ್ತೀನಿ, ಅವನು ಪ್ರೆಸ್ಸು ನಿಲ್ಲಿಸೋಕೆ ಯೋಹಾನ್ ಫುಸ್ಟ್ ಹತ್ರ ಮೊದಲ ಸಲ ಮಾಡಿದ ಸಾಲ 800 ಗುಲ್ಡನ್. ಅಂಥ ಇಪ್ಪತ್ತೈದು ಪ್ರೆಸ್ಸು ಹಾಕೋ ದುಡ್ಡು ಒಂದು ಉಣ್ಣೆ ಪಟ್ಟಿಗೆ.

ಡೀಟರ್ ಕಡೆಯವರು ಪೋಪ್ ಆಸ್ಥಾನದಲ್ಲೇ ಲೇವಾದೇವಿಯವರ ಹತ್ರ ಸಾಲ ಎತ್ತಿ ಒಪ್ಪಿಗೆ ಪತ್ರ ತಗೊಂಡು ಬಂದ್ರು. ಡೀಟರ್ ಆಮೇಲೆ ಇದು ವಿಪರೀತ ಆಯ್ತು, ಹಿಂದಿನವರು ಕೊಟ್ಟಷ್ಟು ಕೊಡ್ತೀನಿ, ಜಾಸ್ತಿ ಕೊಡಲ್ಲ ಅಂತ ಪಟ್ಟು ಹಿಡಿದ. ಗಡುವು ದಾಟಿತು. ಸಾಲ ತೀರಿಸದ ಕಾರಣಕ್ಕೆ ಅವನಿಗೆ ಚರ್ಚಿನಿಂದ ಬಹಿಷ್ಕಾರ ಆಯ್ತು. ಗಮನಿಸಿ, ಧರ್ಮದ್ರೋಹಕ್ಕಲ್ಲ, ಬಾಕಿಗೆ.

ಬರೀ ದುಡ್ಡಿನ ವಿಷಯ ಆಗಿದ್ರೆ ಎಲ್ಲೋ ಒಂದು ಕಡೆ ರಾಜಿ ಆಗ್ತಿತ್ತು. ಆದ್ರೆ ಪೋಪ್ ಎರಡನೇ ಪಿಯುಸ್‌ಗೆ ಇನ್ನೊಂದು ಬೇಕಿತ್ತು. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ಕೈಗೆ ಹೋಗಿತ್ತು, ಅದಕ್ಕೆ ಕ್ರುಸೇಡ್, ಅಂದ್ರೆ ಧರ್ಮಯುದ್ಧ, ಮಾಡ್ಬೇಕು ಅಂತ ಅವನು 1459ರಲ್ಲಿ ಮಾಂಟುವಾ ಊರಲ್ಲಿ ದೊಡ್ಡ ಸಭೆ ಕರೆದಿದ್ದ. ಡೀಟರ್ ಖುದ್ದಾಗಿ ಬರಬೇಕು, ತುರ್ಕರ ಯುದ್ಧಕ್ಕೆ ಅಂತ ಹಾಕೋ ತೆರಿಗೆಗೆ ಜೈ ಅನ್ಬೇಕು, ಮತದಾರ ದೊರೆಗಳ ಸಭೆಯನ್ನ ಪೋಪ್ ಅಪ್ಪಣೆ ಇಲ್ಲದೆ ಕರೀಬಾರದು, ಇವು ಬೇಡಿಕೆ. ಕೊನೇದನ್ನ ಇನ್ನೊಂದು ಸಲ ಓದಿ. ಮೈಂಟ್ಸ್ ಪೀಠದ ಬೆಲೆ ಇರೋದೇ ಆ ಸಭೆ ಕರೆಯೋ ಹಕ್ಕಿನಲ್ಲಿ. ಅದನ್ನ ಬಿಟ್ಟುಕೊಟ್ರೆ ಉಳಿಯೋದು ಬರೀ ಟೊಪ್ಪಿಗೆ. ಡೀಟರ್ ಹೋಗಲೂ ಇಲ್ಲ, ಒಪ್ಪಲೂ ಇಲ್ಲ.

ಇಲ್ಲಿ ಪಿಯುಸ್ ಬಗ್ಗೆ ಒಂದು ಮಾತು ಹೇಳದೆ ಇರೋಕಾಗಲ್ಲ. ಪೋಪ್ ಆಗೋ ಮುಂಚೆ ಇವನ ಹೆಸರು ಈನಿಯಾಸ್ ಸಿಲ್ವಿಯುಸ್ ಪಿಕೊಲೊಮಿನಿ, ಒಳ್ಳೇ ಬರಹಗಾರ, ಬಾಸೆಲ್‌ನಲ್ಲಿ ಸೇರಿದ್ದ ಚರ್ಚ್ ಮಹಾಸಭೆಯಲ್ಲಿ ಕೆಲಸಕ್ಕಿದ್ದೋನು. ಆ ಮಹಾಸಭೆಯ ವಾದ ಏನಾಗಿತ್ತು ಅಂದ್ರೆ ಪೋಪ್‌ಗಿಂತ ಮಹಾಸಭೆ ದೊಡ್ಡದು ಅಂತ. ಇದ್ದ ಪೋಪ್‌ಗೆ ಎದುರಾಗಿ ಆ ಸಭೆ ಕೂರಿಸಿದ ಇನ್ನೊಬ್ಬ ಪೋಪ್ ಐದನೇ ಫೆಲಿಕ್ಸ್‌ಗೂ ಇವನೇ ಸೆಕ್ರೆಟರಿ ಆಗಿದ್ದ. ಅಂಥವನು ತಾನು ಪೋಪ್ ಆಗಿ ಒಂದೂವರೆ ವರ್ಷದೊಳಗೆ, 1460ರ ಜನವರಿಯಲ್ಲಿ, ಪೋಪ್ ತೀರ್ಪಿನ ಮೇಲೆ ಮಹಾಸಭೆಗೆ ಅಪೀಲು ಹೋಗೋದೇ ಅಪರಾಧ ಅಂತ ಆಜ್ಞೆ ಹೊರಡಿಸಿದ. ಒಳಗಿನ ಗುಟ್ಟು ಗೊತ್ತಿದ್ದವನಿಗೇ ಭಯ ಜಾಸ್ತಿ ಅಲ್ವಾ.

ಡೀಟರ್ ಮಾಡಿದ್ದು ಅದನ್ನೇ. 1461ರ ಶುರುವಿನಲ್ಲಿ ನ್ಯೂರೆಂಬರ್ಗ್‌ನಲ್ಲಿ ದೊರೆಗಳನ್ನ ಸೇರಿಸಿ, ಗ್ರೆಗೋರ್ ಹೈಮ್‌ಬುರ್ಗ್ ಅನ್ನೋ ಬೆಂಕಿಯಂಥ ವಕೀಲನನ್ನ ಪಕ್ಕದಲ್ಲಿಟ್ಕೊಂಡು, ನನಗೆ ಅನ್ಯಾಯ ಆಗಿದೆ, ಮುಂದೆ ಸೇರೋ ಮಹಾಸಭೆಗೆ ಅಪೀಲು ಹೋಗ್ತೀನಿ ಅಂದ. ಅದೇ ಉಸಿರಿನಲ್ಲಿ ಚಕ್ರವರ್ತಿ ಮೂರನೇ ಫ್ರೀಡ್ರಿಶ್ ಮೇಲೂ ದೂರು, ಸಾಮ್ರಾಜ್ಯ ನೋಡ್ಕೊಳ್ತಿಲ್ಲ, ವರ್ಷಗಟ್ಟಲೆ ಈ ಕಡೆ ತಲೆ ಹಾಕಿಲ್ಲ ಅಂತ. ದೂರು ಸುಳ್ಳಲ್ಲ, ಆದ್ರೆ ರಾಜಕೀಯವಾಗಿ ನೋಡಿದ್ರೆ ಇದಕ್ಕಿಂತ ದಡ್ಡತನ ಇಲ್ಲ. ಒಬ್ಬ ಪೋಪ್, ಒಬ್ಬ ಚಕ್ರವರ್ತಿ, ಇಬ್ಬರನ್ನೂ ಒಂದೇ ಸಲ ಎದುರು ಹಾಕ್ಕೊಂಡು ಅವರಿಬ್ಬರನ್ನ ತಾನೇ ಒಂದು ಮಾಡಿಕೊಟ್ಟ. ಜೊತೆಗೆ ಸಭೆಯಲ್ಲಿ ಭುಜ ತಟ್ಟಿದ ದೊರೆಗಳು ಮನೆಗೆ ಹೋದ ಮೇಲೆ ಒಬ್ಬೊಬ್ಬರಾಗಿ ಜಾರಿಕೊಂಡ್ರು.

ಪಿಯುಸ್ ಗದ್ದಲ ಮಾಡಲಿಲ್ಲ. ಗುಟ್ಟಾಗಿ ತನ್ನ ದೂತನನ್ನ ಕಳಿಸಿ ಆಡಾಲ್ಫ್ ಜೊತೆ ಮಾತು ಮುಗಿಸಿದ. 1461ರ ಆಗಸ್ಟ್ 21ಕ್ಕೆ ಡೀಟರ್ ವಜಾ, ಆಡಾಲ್ಫ್ ನೇಮಕ, ಎರಡಕ್ಕೂ ಮುದ್ರೆ ಬಿತ್ತು. ಎಲೆಕ್ಷನ್ ಇಲ್ಲ, ಚಾಪ್ಟರ್ ಕೇಳಿಲ್ಲ, ನೇರ ಮೇಲಿನಿಂದ ಪೋಸ್ಟಿಂಗ್. ಸೆಪ್ಟೆಂಬರ್ ಕೊನೆಯಲ್ಲಿ ಮೈಂಟ್ಸ್‌ನಲ್ಲಿ ಕ್ಯಾನನ್‌ಗಳು ಕೂತಿದ್ದಾಗ ಆಡಾಲ್ಫ್ ಆ ಪತ್ರ ಎಲ್ಲರ ಮುಂದೆ ಇಟ್ಟ. ಎರಡು ವರ್ಷದ ಹಿಂದೆ ಇದೇ ಜನ ಬಹುಮತದಿಂದ ಆರಿಸಿದವನನ್ನ ಈಗ ಇದೇ ಜನ ಕೈಬಿಟ್ರು, ಹೆಚ್ಚಿನವರು ಆಡಾಲ್ಫ್ ಕಡೆ ವಾಲಿದ್ರು, ಅಕ್ಟೋಬರ್ ಮೊದಲ ದಿನಗಳಲ್ಲೇ ಅವನ ಪಟ್ಟಾಭಿಷೇಕ. ಡೀಟರ್ ಮೊದಲು ಬಿಟ್ಟುಕೊಡೋ ಮಾತಾಡಿದ, ಆಮೇಲೆ ಮನಸ್ಸು ಬದಲಾಯಿಸಿ ಕತ್ತಿ ಹಿಡಿದ.

ಕತ್ತಿಗೆ ಜೊತೆ ಬೇಕಲ್ಲ. ಅವನು ಹೋಗಿದ್ದು ಹೈಡೆಲ್‌ಬರ್ಗ್‌ನ ಫ್ರೀಡ್ರಿಶ್ ಹತ್ರ, ಚಕ್ರವರ್ತಿ ಅಲ್ಲ, ಅದೇ ಹೆಸರಿನ ಇನ್ನೊಬ್ಬ, ರೈನ್ ಫಾಲ್ಟ್ಸ್ ನಾಡಿನ ದೊರೆ, ಇವನೂ ಏಳು ಮತದಾರರಲ್ಲಿ ಒಬ್ಬ, ಅಭಿಮಾನಿಗಳಿಗೆ 'ವಿಜಯಿ ಫ್ರೀಡ್ರಿಶ್', ಶತ್ರುಗಳಿಗೆ 'ಕೆಟ್ಟ ಫ್ರಿಟ್ಸ್'. ತಮಾಷೆ ಏನಂದ್ರೆ ಒಂದು ವರ್ಷದ ಹಿಂದೆ, 1460ರ ಜುಲೈನಲ್ಲಿ, ಫೆಡರ್ಸ್‌ಹೈಮ್ ಅನ್ನೋ ಕಡೆ ಡೀಟರ್ ಇದೇ ಫ್ರೀಡ್ರಿಶ್ ವಿರುದ್ಧ ಯುದ್ಧ ಮಾಡಿ ಸೋತಿದ್ದ. ಈಗ ಅವನೇ ಗತಿ. ಫ್ರೀಡ್ರಿಶ್ ಪುಕ್ಕಟೆ ಬರಲಿಲ್ಲ, ಹೆಪನ್‌ಹೈಮ್, ಬೆನ್ಸ್‌ಹೈಮ್, ಸ್ಟಾರ್ಕನ್‌ಬುರ್ಗ್ ಕೋಟೆ ಸೇರಿದ ಇಡೀ ಸೀಮೆಯನ್ನ 1,00,000 ಗುಲ್ಡನ್‌ಗೆ ಅಡವು ಬರೆಸ್ಕೊಂಡ. ಅಡವಿಟ್ಟ ಚಿನ್ನ ಮನೆಗೆ ಬರೋದು ಎಷ್ಟು ಕಷ್ಟ ಅಂತ ಗೊತ್ತಲ್ಲ, ಈ ಸೀಮೆ ಮೈಂಟ್ಸ್‌ಗೆ ವಾಪಸ್ ಬಂದಿದ್ದು ಮುಂದಿನ ಶತಮಾನವೂ ಕಳೆದು, ಮೂವತ್ತು ವರ್ಷದ ಯುದ್ಧದ ಗಲಾಟೆಯಲ್ಲಿ. ಆಡಾಲ್ಫ್ ಕಡೆ ವ್ಯೂರ್ಟೆಂಬೆರ್ಗ್‌ನ ಉಲ್‌ರಿಶ್, ಬಾಡೆನ್‌ನ ಕಾರ್ಲ್, ಅವನ ತಮ್ಮ ಮೆಟ್ಸ್ ಬಿಷಪ್ ಗೆಯೋರ್ಗ್, ಫೆಲ್ಡೆನ್ಟ್ಸ್‌ನ ಲೂಡ್‌ವಿಗ್, ಹೀಗೆ ಸಾಲು. ಮೈಂಟ್ಸ್ ಊರಿನವರು ಆ ಚಳಿಗಾಲದಲ್ಲಿ ಡೀಟರ್ ಕಡೆ ನಿಂತ್ರು. ಅವರಿಗೆ ಪೋಪ್ ಮೇಲೆ ಸಿದ್ಧಾಂತದ ಸಿಟ್ಟೇನಿಲ್ಲ, ಊರಿನ ಪಾದ್ರಿಗಳು ತೆರಿಗೆ ಕಟ್ಟದೆ ವೈನ್ ಮಾರ್ತಾರೆ, ಊರು ಸಾಲದಲ್ಲಿ ಮುಳುಗಿದೆ ಅನ್ನೋ ಹಳೇ ಹೊಟ್ಟೆಯುರಿ, ಡೀಟರ್ ರಿಯಾಯಿತಿ ಕೊಡ್ತೀನಿ ಅಂದ, ನಂಬಿದ್ರು.

ಈ ಹೊತ್ತಲ್ಲಿ ಇನ್ನೊಂದು ಸಂಗತಿ ನಡೀತು, ನನಗೆ ಇಡೀ ಕತೆಯಲ್ಲಿ ಅತಿ ಇಷ್ಟ ಆಗೋ ಭಾಗ ಇದು. ಜಗಳ ನಡೀತಿರೋ ಊರಲ್ಲೇ ಫುಸ್ಟ್ ಮತ್ತು ಪೇಟರ್ ಶೋಫರ್ ಅವರ ಪ್ರೆಸ್ ಇತ್ತಲ್ಲ, ಗುಟೆನ್‌ಬರ್ಗ್ ಮೇಲೆ ಕೇಸು ಹಾಕಿದ ಅದೇ ಫುಸ್ಟ್. ಡೀಟರ್ ವಿರುದ್ಧ ಚಕ್ರವರ್ತಿ ಹೊರಡಿಸಿದ ಆದೇಶ, ಪೋಪ್‌ನ ವಜಾ ಪತ್ರ, ಆಡಾಲ್ಫ್‌ನ ಹೇಳಿಕೆ, ಇವನ್ನೆಲ್ಲ ಒಂದೊಂದು ಹಾಳೆಯಾಗಿ ಅಚ್ಚು ಹಾಕಿದ್ದು ಅಲ್ಲೇ. 1462ರ ವಸಂತದಲ್ಲಿ ಡೀಟರ್ ತನ್ನ ಕಡೆಯ ವಾದ, ನನ್ನನ್ನ ವಿಚಾರಣೆ ಇಲ್ಲದೆ ತೆಗೆದ್ರು, ನ್ಯಾಯಸ್ಥರು ಯಾರಾದ್ರೂ ತೀರ್ಪು ಕೊಡಲಿ ಅಂತ ಬರೆದ ಪತ್ರ, ಅದನ್ನ ಅಚ್ಚು ಹಾಕಿದ್ದೂ ಅಲ್ಲೇ! ಎರಡೂ ಪಾರ್ಟಿಯ ಪಾಂಪ್ಲೆಟ್ ಒಂದೇ ಅಂಗಡಿಯಲ್ಲಿ, ಅದೇ ಅಚ್ಚುಮೊಳೆ, ಅದೇ ಶಾಯಿ. ಅದರ ಮಧ್ಯದಲ್ಲೇ 1462ರ ಆಗಸ್ಟ್ 14ಕ್ಕೆ ಅವರು ಪುಟಕ್ಕೆ 48 ಸಾಲಿನ ದೊಡ್ಡ ಬೈಬಲ್ ಕೂಡ ಮುಗಿಸಿದ್ರು. ಅಚ್ಚುಯಂತ್ರ ಹುಟ್ಟಿ ಹತ್ತು ಹನ್ನೆರಡು ವರ್ಷ ಆಗೋದ್ರೊಳಗೆ ಅದು ರಾಜಕೀಯ ಜಗಳಕ್ಕೆ ಬಳಕೆಗೆ ಬಂದಾಗಿತ್ತು. ಪ್ರಿಂಟಿಂಗ್ ಅಂದ್ರೆ ಮೊದಲು ಬೈಬಲ್, ಐವತ್ತು ಅರವತ್ತು ವರ್ಷ ಆದ ಮೇಲೆ, ಪ್ರೊಟೆಸ್ಟಂಟ್ ಚಳವಳಿ ಶುರುಮಾಡಿದ ಲೂಥರ್ ಕಾಲಕ್ಕೆ ಕರಪತ್ರ ಅಂತ ಸ್ಕೂಲಲ್ಲಿ ಓದಿರ್ತೀವಿ, ಆ ಕ್ರಮ ಅಷ್ಟು ಸರಿಯಲ್ಲ ಅನ್ನೋಕೆ ಮೈಂಟ್ಸ್ ಹಾಳೆಗಳೇ ಸಾಕ್ಷಿ.

ಯುದ್ಧದಲ್ಲಿ ಮೊದಲು ಡೀಟರ್ ಕಡೆಯದೇ ಮೇಲುಗೈ. 1462ರ ಜೂನ್ 30, ಸೆಕೆನ್‌ಹೈಮ್ ಹತ್ರ ಫ್ರೀಡ್ರಿಶ್ ಎದುರಾಳಿಗಳನ್ನ ಅಟ್ಟಿ ಹಿಡಿದ, ಉಲ್‌ರಿಶ್, ಕಾರ್ಲ್, ಬಿಷಪ್ ಗೆಯೋರ್ಗ್ ಮೂವರೂ ಸೆರೆ. ಅವರನ್ನ ಹೈಡೆಲ್‌ಬರ್ಗ್ ಕೋಟೆಗೆ ಕರ್ಕೊಂಡು ಹೋಗಿ ಊಟಕ್ಕೆ ಕೂರಿಸಿದ, ಮಾಂಸ ಇದೆ, ವೈನ್ ಇದೆ, ರೊಟ್ಟಿ ಮಾತ್ರ ಇಲ್ಲ, ಯಾಕೆ ಅಂತ ಕೇಳಿದ್ರೆ ನನ್ನ ರೈತರ ಹೊಲಕ್ಕೆ ಬೆಂಕಿ ಇಟ್ಟವರಿಗೆ ರೊಟ್ಟಿ ಎಲ್ಲಿಂದ ತರ್ಲಿ ಅಂದ ಅಂತ ಒಂದು ಕತೆ ಇದೆ. ಕತೆಯೇ, ದಾಖಲೆ ಅಲ್ಲ, ಆದ್ರೆ ಎಷ್ಟು ಹೊಲ ಉರಿದಿತ್ತು ಅನ್ನೋದು ಅದ್ರಿಂದ ಗೊತ್ತಾಗುತ್ತೆ. ದಾಖಲೆ ಇರೋದು ಸರಪಳಿಗೆ ಮತ್ತು ಬಿಡುಗಡೆಗೆ ಅಂತ ವಸೂಲಿ ಮಾಡಿದ ಭಾರಿ ಮೊತ್ತಕ್ಕೆ.

ಬಯಲಲ್ಲಿ ಸೋತ ಆಡಾಲ್ಫ್ ಊರಿನ ಗೋಡೆ ಕಡೆ ತಿರುಗಿದ. ಅಕ್ಟೋಬರ್ 27ರ ರಾತ್ರಿ ಕಳೆದು 28ರ ಬೆಳಗಿನ ಜಾವ, ಸಂತ ಸೈಮನ್ ಮತ್ತು ಜೂಡ್ ಹಬ್ಬದ ದಿನ. ಗೌಟೋರ್ ಅನ್ನೋ ಹೆಬ್ಬಾಗಿಲ ಹತ್ರ ಎತ್ತರದ ಜಾಗದಲ್ಲಿ ಏಣಿ ಇಟ್ಟು ಸುಮಾರು 500 ಜನ ಗೋಡೆ ಹತ್ತಿದ್ರು, ಒಳಗಿನವರದ್ದೇ ಕೈವಾಡ ಇತ್ತು, ದುಡ್ಡು ತಿಂದವರು ಯಾವಾಗ ಎಲ್ಲಿ ಕಾವಲು ಸಡಿಲ ಅಂತ ತಿಳಿಸಿದ್ರು. ಗಂಟೆ ಬಾರಿಸಿದ ಸದ್ದಿಗೆ ಎದ್ದ ಜನ ಸಿಕ್ಕಿದ್ದನ್ನ ಹಿಡ್ಕೊಂಡು ಬೀದಿಗೆ ಇಳಿದ್ರು, ಇಡೀ ದಿನ ಓಣಿ ಓಣಿಯಲ್ಲಿ ಹೊಡೆದಾಟ, ಸುಮಾರು 400 ಜನ ಸತ್ರು, ಸಾಲು ಮನೆ ಸುಟ್ಟು ಹೋದವು. ಡೀಟರ್ ಆ ರಾತ್ರಿ ಊರಲ್ಲೇ ಇದ್ದ. ಅವನು ಗೋಡೆ ಇಳಿದು ರೈನ್ ದಾಟಿ ಪಾರಾದ. ಅವನಿಗೋಸ್ಕರ ನಿಂತವರು ಪಾರಾಗಲಿಲ್ಲ.

ಎರಡು ದಿನ ಬಿಟ್ಟು, ಅಕ್ಟೋಬರ್ 30ಕ್ಕೆ, ಊರಿನ ಗಂಡಸರೆಲ್ಲ ಡೀಟ್‌ಮಾರ್ಕ್ಟ್ ಮೈದಾನಕ್ಕೆ ಬರಬೇಕು ಅಂತ ಡಂಗುರ ಆಯ್ತು. ಈಗಿನ ಶಿಲ್ಲರ್ ಚೌಕ ಅದು. ಹೊಸ ಪ್ರಭುವಿಗೆ ಪ್ರಮಾಣ ಮಾಡಿಸ್ತಾರೆ, ತಪ್ಪು ಒಪ್ಕೊಂಡ್ರೆ ಮುಗೀತು ಅಂದ್ಕೊಂಡು ಸುಮಾರು 800 ಜನ ಬಂದ್ರು. ಬಂದು ನೋಡಿದ್ರೆ ಸುತ್ತ ಈಟಿ, ಬಿಲ್ಲು ಹಿಡಿದ ಸೈನಿಕರು. ನೀವು ನಿಮ್ಮ ಒಡೆಯನಿಗೆ ಎದುರು ನಿಂತವರು, ಊರು ಬಿಡಿ ಅಂತ ಆಜ್ಞೆ. ಎರಡೂ ಕಡೆ ಸೈನಿಕರ ಸಾಲು, ನಡುವೆ ಒಬ್ಬೊಬ್ಬರಾಗಿ ನಡೆಸಿ, ಅದೇ ಗೌಟೋರ್ ಬಾಗಿಲಿಂದ ಹೊರಗೆ. ಮನೆಗೆ ಹೋಗಿ ಒಂದು ಕಂಬಳಿ ತರೋಕೂ ಬಿಡಲಿಲ್ಲ. ನವೆಂಬರ್ ಚಳಿ ಬಾಗಿಲಲ್ಲಿ ನಿಂತಿದೆ. ಹಿಂದೆ ಉಳಿದ ಮನೆ, ಪಾತ್ರೆ, ವೈನ್ ಪೀಪಾಯಿ, ಬಟ್ಟೆ, ಎಲ್ಲ ಗೆದ್ದವರು ಹಂಚಿಕೊಂಡ್ರು. 1244ರಲ್ಲಿ ಒಬ್ಬ ಆರ್ಚ್‌ಬಿಷಪ್ ಕೊಟ್ಟ ಸ್ವಾತಂತ್ರ್ಯದ ಹಕ್ಕು, ಊರು ತನ್ನನ್ನ ತಾನೇ ಆಳಿಕೊಳ್ಳೋ ಹಕ್ಕು, ಇನ್ನೂರು ವರ್ಷದ ಮೇಲೆ ಇನ್ನೊಬ್ಬ ಆರ್ಚ್‌ಬಿಷಪ್ ಒಂದೇ ದಿನದಲ್ಲಿ ಕಿತ್ಕೊಂಡ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಇಲ್ಲಿ ಕೂಸಿನ ಮನೇನೇ ಹೋಯ್ತು.

ಆಮೇಲೆ ಜಗಳ ಮುಗಿದ ರೀತಿ ನೋಡಿದ್ರೆ ಸಿಟ್ಟು ಬರುತ್ತೆ. 1463ರಲ್ಲಿ ಫ್ರೀಡ್ರಿಶ್‌ನ ತಮ್ಮ ರೂಪ್ರೆಶ್ಟ್ ಕೊಲೋನ್ ಆರ್ಚ್‌ಬಿಷಪ್ ಆಗಿ ಆಯ್ಕೆಯಾದ, ಅವನಿಗೂ ಪೋಪ್ ಒಪ್ಪಿಗೆ ಬೇಕು, ಅಂದ ಮೇಲೆ ಅಣ್ಣ ಪೋಪ್ ವಿರುದ್ಧ ಎಷ್ಟು ದಿನ ಕುಸ್ತಿ ಆಡ್ತಾನೆ? ಆ ವರ್ಷ ಅಕ್ಟೋಬರ್‌ನಲ್ಲಿ ತ್ಸೈಲ್ಸ್‌ಹೈಮ್ ಅನ್ನೋ ಹಳ್ಳಿಯಲ್ಲಿ ಒಪ್ಪಂದ. ಡೀಟರ್ ಆರ್ಚ್‌ಬಿಷಪ್ ಪದವಿ ಬಿಟ್ಟ, ಬದಲಿಗೆ ಹ್ಯೋಕ್ಸ್ಟ್, ಸ್ಟೈನ್‌ಹೈಮ್, ಡೀಬುರ್ಗ್ ಸೀಮೆಗಳು ಅವನ ಜೀವಮಾನಕ್ಕೆ, ಬಹಿಷ್ಕಾರ ರದ್ದು. ಒಳ್ಳೇ ಪೆನ್ಷನ್. ಹೊರಗೆ ಹಾಕಿಸ್ಕೊಂಡ ಊರಿನವರಿಗೆ ಇಂಥದ್ದೇನೂ ಇಲ್ಲ, ಕೆಲವರನ್ನ ವಿಧೇಯತೆಯ ಪ್ರಮಾಣ ಮಾಡಿಸ್ಕೊಂಡು ನಿಧಾನಕ್ಕೆ ವಾಪಸ್ ಬಿಟ್ಕೊಂಡ್ರು, ಕೆಲವರು ಬರಲೇ ಇಲ್ಲ.

1475ರ ಸೆಪ್ಟೆಂಬರ್‌ನಲ್ಲಿ ಆಡಾಲ್ಫ್ ಎಲ್ಟ್‌ವಿಲ್‌ನಲ್ಲಿ ಸತ್ತ. ಸಾಯೋ ಮುಂಚೆ ತನ್ನ ನಂತರಕ್ಕೆ ಅವನೇ ಸೂಚಿಸಿದ್ದು ಯಾರನ್ನ ಗೊತ್ತಾ? ಡೀಟರ್‌ನ. ನವೆಂಬರ್‌ನಲ್ಲಿ ಚಾಪ್ಟರ್ ಮತ್ತೆ ಅವನನ್ನೇ ಆರಿಸಿತು, ಈ ಸಲ ಪೋಪ್ ನಾಲ್ಕನೇ ಸಿಕ್ಸ್‌ಟಸ್, ಒಪ್ಪಿಗೆ ಬಂತು. ಪಟ್ಟಿಯಲ್ಲಿ ನೀವು ನೋಡಿದ ಎರಡನೇ ಹೆಸರು ಇದೇ. ಎರಡನೇ ಸಲ ಬಂದ ಡೀಟರ್ 1477ರಲ್ಲಿ ಮೈಂಟ್ಸ್‌ಗೆ ಯೂನಿವರ್ಸಿಟಿ ಕೊಟ್ಟ, ಅದಕ್ಕೆ ಅವನ ಹೆಸರು ಇವತ್ತಿಗೂ ಒಳ್ಳೇ ರೀತಿಯಲ್ಲಿ ನೆನಪಾಗುತ್ತೆ. ಊರಿಗೆ ಹಳೇ ಸ್ವಾತಂತ್ರ್ಯ ಮಾತ್ರ ವಾಪಸ್ ಕೊಡಲಿಲ್ಲ. ತನಗೋಸ್ಕರ ಜನ ಸತ್ತ ಊರಲ್ಲಿ, 1478ರಿಂದ, ರೈನ್ ದಡದಲ್ಲಿ ಮಾರ್ಟಿನ್ಸ್‌ಬುರ್ಗ್ ಅಂತ ಕೋಟೆ ಕಟ್ಟಿಸಿ ಒಡೆಯನಾಗಿ ಕೂತ.

ಆ ಉಣ್ಣೆ ಪಟ್ಟಿಯ ಫೀಸು ಏನಾಯ್ತು ಅಂತ ಕೇಳೋರಿಗೆ ಒಂದೇ ಮಾತು: 1514ರಲ್ಲಿ ಮೈಂಟ್ಸ್‌ಗೆ ಆಯ್ಕೆಯಾದ ಆಲ್‌ಬ್ರೆಶ್ಟ್ ಅದೇ ರೋಮ್ ಬಾಕಿ ಕಟ್ಟೋಕೆ ಫುಗ್ಗರ್ ಅನ್ನೋ ಲೇವಾದೇವಿ ಮನೆತನದ ಹತ್ರ ಸಾಲ ಮಾಡಿದ, ಆ ಸಾಲ ತೀರಿಸೋಕೆ ಪಾಪ ಪರಿಹಾರದ ಚೀಟಿ ಮಾರಾಟದಲ್ಲಿ ಅರ್ಧ ಪಾಲು ತಗೊಂಡ, ಆ ಮಾರಾಟ ನೋಡಿ ಸಿಟ್ಟಾದ ಮಾರ್ಟಿನ್ ಲೂಥರ್ 1517ರ ಅಕ್ಟೋಬರ್ 31ಕ್ಕೆ ಕಾಗದ ಬರೆದಿದ್ದು ಇದೇ ಆಲ್‌ಬ್ರೆಶ್ಟ್‌ಗೆ. ಅದು ಬೇರೆ ದೊಡ್ಡ ಕತೆ.

ಇನ್ನು ನಿಮ್ಮ ಕೊನೇ ಪ್ರಶ್ನೆ. ಅಚ್ಚಿನ ವಿದ್ಯೆ ಹರಡಿದ್ದು 1462ರ ಲೂಟಿಯಿಂದಲೇ ಅನ್ನೋದು ಅರ್ಧ ನಿಜ. ಲೂಟಿಗೆ ಮುಂಚೆನೇ ಸ್ಟ್ರಾಸ್‌ಬುರ್ಗ್‌ನಲ್ಲಿ, ಬಾಂಬೆರ್ಗ್‌ನಲ್ಲಿ ಪ್ರೆಸ್ ಶುರುವಾಗಿತ್ತು, ಅಂದ್ರೆ ಗುಟ್ಟು ಊರಿನ ಗೋಡೆ ದಾಟಿ ಆಗಿತ್ತು. ಆದ್ರೆ ಲೂಟಿಯ ನಂತರದ ಐದಾರು ವರ್ಷದಲ್ಲಿ ವೇಗ ಜೋರಾಯ್ತು: ಕೊಲೋನ್‌ನಲ್ಲಿ ಉಲ್‌ರಿಶ್ ತ್ಸೆಲ್, ಬಾಸೆಲ್‌ನಲ್ಲಿ ಬೆರ್ಟೋಲ್ಡ್ ರುಪೆಲ್, 1465ಕ್ಕೆ ಇಟಲಿಯ ಸುಬಿಯಾಕೊ ಮಠದಲ್ಲಿ ಇಬ್ಬರು ಜರ್ಮನ್ನರು. ಊರಲ್ಲಿ ಗಿರಾಕಿ ಇಲ್ಲ, ದುಡ್ಡಿಲ್ಲ, ಪ್ರಾಣಕ್ಕೆ ಭದ್ರತೆ ಇಲ್ಲ, ಕೈಯಲ್ಲಿ ವಿದ್ಯೆ ಇದೆ, ಕೆಲಸಗಾರ ಹೊರಡದೆ ಇನ್ನೇನು ಮಾಡ್ತಾನೆ. ಮಾಲೀಕರ ಕತೆ ಬೇರೆ, ಫುಸ್ಟ್ ಮತ್ತು ಶೋಫರ್ ಅಂಗಡಿ ಸ್ವಲ್ಪ ಕಾಲ ತಣ್ಣಗಾಗಿ ಮತ್ತೆ ಮೈಂಟ್ಸ್‌ನಲ್ಲೇ ಎದ್ದು ನಿಂತಿತು.

ಗುಟೆನ್‌ಬರ್ಗ್ ಕತೆ ಕೇಳಿ. ಅವನ ಮನೆಯವರಿಗೆ ಎಲ್ಟ್‌ವಿಲ್‌ನಲ್ಲಿ ಆಸ್ತಿ ಇತ್ತು, ಆಡಾಲ್ಫ್ ವಾಸ ಇದ್ದದ್ದೂ ಅದೇ ಎಲ್ಟ್‌ವಿಲ್‌ನಲ್ಲಿ. 1465ರ ಜನವರಿ 17ಕ್ಕೆ ಆಡಾಲ್ಫ್ ಅವನನ್ನ ತನ್ನ ಆಸ್ಥಾನದವನು ಅಂತ ಮಾಡ್ಕೊಂಡು ಒಂದು ಪತ್ರ ಬರೆಸಿದ: ವರ್ಷಕ್ಕೊಂದು ಸಲ ಆಸ್ಥಾನದವರಿಗೆ ಕೊಡೋ ಹಾಗೆ ಉಡುಪು, 20 ಮಾಲ್ಟರ್ (ಆಗಿನ ಒಂದು ಅಳತೆ) ಧಾನ್ಯ, ಎರಡು ಫೂಡರ್ ವೈನ್, ಅಂದ್ರೆ ಈಗಿನ ಲೆಕ್ಕಕ್ಕೆ ಎರಡು ಸಾವಿರ ಲೀಟರ್ ಆಸುಪಾಸು, ಸುಂಕ ಇಲ್ಲ. ಮುದುಕ ಎಷ್ಟು ಕುಡಿಯೋಕಾಗುತ್ತೆ ಅಂತ ನಗಬೇಡಿ, ಮನೆಮಂದಿ ಆಳುಕಾಳು ಎಲ್ಲರಿಗೂ ಸೇರಿ ಅದು. ಪತ್ರದಲ್ಲಿ ಒಂದು ಷರತ್ತೂ ಇದೆ, ಈ ಧಾನ್ಯ ವೈನ್ ಮನೆ ಬಳಕೆಗೆ ಮಾತ್ರ, ಮಾರೋ ಹಾಗಿಲ್ಲ, ಬೇರೆಯವರಿಗೆ ಕೊಡೋ ಹಾಗೂ ಇಲ್ಲ. ಮೂರು ವರ್ಷ ಅದನ್ನ ಅನುಭವಿಸಿ 1468ರ ಫೆಬ್ರವರಿಯಲ್ಲಿ ಗುಟೆನ್‌ಬರ್ಗ್ ತೀರ್ಕೊಂಡ. ಪತ್ರ ಬರೆಸಿದವನು, ಅದಕ್ಕೆ ಎರಡು ವರ್ಷದ ಹಿಂದೆ ಗೌಟೋರ್ ಬಾಗಿಲಿಂದ 800 ಜನರನ್ನ ಬರಿಗೈಲಿ ಆಚೆ ಕಳಿಸಿದ ಅದೇ ಆಡಾಲ್ಫ್.